ಒಲೆ ಬೇರೆ, ಸೌದೆ ಬೇರೆ

ಪ್ರಶ್ನೆ: ಸರ್, ಥೋರಿಯಂ ಹಾಕಿದರೆ ರಿಯಾಕ್ಟರ್ ಕರಗುವುದೇ ಇಲ್ಲವಂತೆ, ಫುಕುಶಿಮಾದಂಥದ್ದು ನಡೆಯುವ ಪ್ರಶ್ನೆಯೇ ಇಲ್ಲವಂತೆ. ಅದು ನಮ್ಮ ಕಡಲತೀರದ ಮರಳಲ್ಲೇ ರಾಶಿ ಬಿದ್ದಿದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೂರು ಅಲೆದ ಹಾಗೆ ನಾವು ಹೊರದೇಶದ ಯುರೇನಿಯಂಗೆ ಯಾಕೆ ಕೈ ಚಾಚಬೇಕು? ಕೈಗಾದಲ್ಲಿ ಥೋರಿಯಂ ಹಾಕಿದರೆ ಏನು ತೊಂದರೆ?

ಉತ್ತರ: ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂದು ಮನೆಯಲ್ಲಿ ನನಗೆ ಹೆಸರು ಬಿದ್ದಿದ್ದರೆ ಅದಕ್ಕೆ ಈ ಪ್ರಶ್ನೆಯೇ ಕಾರಣ. ಮೂವತ್ತು ವರ್ಷ ಪಿಯು ಹುಡುಗರಿಗೆ ಭೌತಶಾಸ್ತ್ರ ಹೇಳಿ ನಾನು ನಿವೃತ್ತನಾದೆ, ಪ್ರಶ್ನೆ ಆಗಲಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆ ಬರುವುದನ್ನು ಕಾಯುತ್ತಿದ್ದರೂ ಪಕ್ಕದ ಎಲೆಯವರು ‘ಮಾಸ್ತರ್ರೇ, ಈ ಥೋರಿಯಂ ಕತೆ ಏನು?’ ಎಂದು ಶುರು ಹಚ್ಚುತ್ತಾರೆ. ಎಲ್ಲರ ಫೋನಿಗೂ ಒಂದೇ ವಿಡಿಯೊ ಬಂದಿರಬೇಕು.

ಕೊನೆಯ ತುಂಡನ್ನು ಮೊದಲು ಮುಗಿಸುತ್ತೇನೆ. ಕೈಗಾದಲ್ಲಿ ಥೋರಿಯಂ ಹಾಕಿ ಆಗಿದೆ. 2000ದಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿದ ಮೊದಲ ಎರಡು ಘಟಕಗಳಿಗೆ ಆರಂಭದಲ್ಲಿ ಇಂಧನ ತುಂಬುವಾಗ, (ಇಂಧನವನ್ನು ಕಡ್ಡಿಗಳ ಕಟ್ಟು ಅಂದರೆ ‘ಬಂಡಲ್’ ಆಗಿ ಇಡುತ್ತಾರೆ) ಯುರೇನಿಯಂ ಬಂಡಲ್‌ಗಳ ನಡುವೆ ಒಂದಿಷ್ಟು ಥೋರಿಯಂ ಬಂಡಲ್‌ಗಳನ್ನೂ ಇಟ್ಟಿದ್ದರು. ಅಂಥ ಒಂದು ರಿಯಾಕ್ಟರ್‌ನಲ್ಲಿ ಒಟ್ಟು 3,672 ಬಂಡಲ್, ಥೋರಿಯಂದು 35. ಗುಜರಾತಿನ ಕಾಕ್ರಾಪಾರದಲ್ಲಿ ಅದಕ್ಕೂ ಮೊದಲೇ ಹೀಗೆ ಮಾಡಿದ್ದರು. ಆದರೆ ಇಟ್ಟದ್ದು ಯಾಕೆ ಗೊತ್ತೇ? ಉರಿ ಹೆಚ್ಚಿಸಲಿಕ್ಕಲ್ಲ, ತಗ್ಗಿಸಲಿಕ್ಕೆ. ಎಲ್ಲ ಇಂಧನವೂ ಹೊಸತಾಗಿರುವಾಗ ನಡುಭಾಗದಲ್ಲಿ ಪರಮಾಣುಗಳನ್ನು ಸೀಳುವ ಕಣಗಳಾದ ನ್ಯೂಟ್ರಾನ್‌ಗಳ ಆರ್ಭಟ ಜಾಸ್ತಿ. ಥೋರಿಯಂ ಅವನ್ನು ನುಂಗುತ್ತದೆ, ಉರಿ ಎಲ್ಲ ಕಡೆ ಸಮನಾಗುತ್ತದೆ. ಭಗಭಗ ಹೊತ್ತಿದ ಒಲೆಯ ನಡುವೆ ಒಂದೆರಡು ಹಸಿ ಕೊಳ್ಳಿ ತುರುಕಿದ ಹಾಗೆ. (ಅಂದಹಾಗೆ, ಕೈಗಾದಲ್ಲಿ ಈಗಿರುವ ನಾಲ್ಕು ಘಟಕಗಳಲ್ಲಿ ಉರಿಯುವುದು ನಮ್ಮದೇ ಯುರೇನಿಯಂ. ಹೊರಗಿಂದ ತಂದದ್ದು ಬೇರೆ ಸ್ಥಾವರಗಳಿಗೆ ಹೋಗುತ್ತದೆ.)

ಹಸಿ ಕೊಳ್ಳಿ ಎಂದೆನಲ್ಲ, ಅರ್ಧ ವಿಷಯ ಅಲ್ಲೇ ಇದೆ. ಥೋರಿಯಂ ತಾನಾಗಿ ಹೊತ್ತಿಕೊಳ್ಳುವ ವಸ್ತುವಲ್ಲ. ಥೋರಿಯಂ-232ರ ಪರಮಾಣು ಒಂದು ನ್ಯೂಟ್ರಾನ್ ನುಂಗಿ ಥೋರಿಯಂ-233 ಆಗುತ್ತದೆ. ಅದರ ಅರ್ಧಾಯು, ಅಂದರೆ ಇದ್ದುದರಲ್ಲಿ ಅರ್ಧ ಬದಲಾಗಿಹೋಗಲು ಹಿಡಿಯುವ ಸಮಯ, 22 ನಿಮಿಷ. ಅದು ಪ್ರೊಟ್ಯಾಕ್ಟಿನಿಯಂ-233 ಆಗುತ್ತದೆ, ಇದರ ಅರ್ಧಾಯು 27 ದಿನ. ಕೊನೆಗೆ ಸಿಗುವುದು ಯುರೇನಿಯಂ-233. ವಿದಳನಗೊಂಡು, ಅಂದರೆ ಸೀಳಿಹೋಗಿ, ಶಾಖ ಕೊಡುವುದು ಈ ಕೊನೆಯದ್ದು. ‘ಥೋರಿಯಂ ರಿಯಾಕ್ಟರ್’ ಎಂದು ಎಲ್ಲರೂ ಕರೆಯುವುದರಲ್ಲಿ ಕೊನೆಗೆ ಉರಿಯುವುದು ಯುರೇನಿಯಮ್ಮೇ. ಇದನ್ನು ಹೇಳಿದ ಕೂಡಲೇ ಕ್ಲಾಸಿನಲ್ಲಿ ಹುಡುಗರ ಮುಖ ಮೋಸಹೋದವರ ಹಾಗೆ ಆಗುತ್ತಿತ್ತು.

ಹಾಗಾಗಿ ನಿಮ್ಮ ಗಾದೆಯನ್ನು ಸ್ವಲ್ಪ ತಿದ್ದಬೇಕು. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿ, ಒಡಿಶಾದ ಛತ್ರಪುರದ ಮರಳಿನಲ್ಲಿ ನಮಗಿರುವುದು ಬೆಣ್ಣೆಯಲ್ಲ, ಹಾಲು. ದೇಶದಲ್ಲಿ ಒಂದು ಕೋಟಿ ಟನ್ನಿಗೂ ಹೆಚ್ಚು ಮೊನಜೈಟ್ ಎಂಬ ಖನಿಜ ಇದೆ, ಅದರಲ್ಲಿ ನೂರಕ್ಕೆ ಎಂಟು–ಹತ್ತು ಪಾಲು ಥೋರಿಯಂ ಆಕ್ಸೈಡ್. ಹಾಲು ಧಾರಾಳ, ಸರಿ. ಹೆಪ್ಪು? ಹೆಪ್ಪು ಎಂದರೆ ಮೊದಲ ನ್ಯೂಟ್ರಾನ್‌ಗಳನ್ನು ಕೊಡುವ ಯುರೇನಿಯಂ-235, ಪ್ಲುಟೋನಿಯಂ, ಅಥವಾ ಮೊದಲೇ ಮಾಡಿಟ್ಟುಕೊಂಡ ಯುರೇನಿಯಂ-233. ಅಮ್ಮ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಿಗೆ ಪಾತ್ರೆ ತುಂಬ ಮೊಸರು. ಇಲ್ಲಿ ಹಾಗಲ್ಲ. ಒಂದು ಲೋಟ ಹೆಪ್ಪು ಹಾಕಿದರೆ ಒಂದು ಲೋಟ ಮೊಸರು, ತೀರಾ ಜಾಣತನ ಮಾಡಿದರೆ ಮೇಲೊಂದು ಹನಿ. ಅಮೆರಿಕದ ಪೆನ್ಸಿಲ್ವೇನಿಯಾದ ಶಿಪ್ಪಿಂಗ್‌ಪೋರ್ಟ್ ಸ್ಥಾವರದಲ್ಲಿ 1977ರಿಂದ 1982ರವರೆಗೆ ಥೋರಿಯಂ ಮತ್ತು ಯುರೇನಿಯಂ-233 ಹಾಕಿ ಓಡಿಸಿ, ಕೊನೆಗೆ ಬಿಚ್ಚಿ ಲೆಕ್ಕ ಹಾಕಿದರು. ಹಾಕಿದ್ದಕ್ಕಿಂತ ಹೆಚ್ಚು ಸಿಕ್ಕ ಇಂಧನ ನೂರಕ್ಕೆ ಒಂದೂ ಚಿಲ್ಲರೆ. ಐದು ವರ್ಷದ ಬಡ್ಡಿ ಅದು!

ಹೋಮಿ ಭಾಭಾ 1950ರ ದಶಕದಲ್ಲೇ ಮೂರು ಹಂತದ ಯೋಜನೆ ಹಾಕಿದ್ದು ಇದೇ ಕಾರಣಕ್ಕೆ. ಮೊದಲು ಕೈಗಾದಂಥ ಭಾರಜಲ ಸ್ಥಾವರಗಳಲ್ಲಿ ಯುರೇನಿಯಂ ಉರಿಸಿ ಪ್ಲುಟೋನಿಯಂ ತೆಗೆಯುವುದು, ಅದನ್ನು ಉರಿಸಿದ್ದಕ್ಕಿಂತ ಹೆಚ್ಚು ಇಂಧನ ಹುಟ್ಟಿಸುವ ವೇಗದ ಬ್ರೀಡರ್ ರಿಯಾಕ್ಟರ್‌ಗಳಲ್ಲಿ ಬೆಳೆಸುವುದು, ಹೆಪ್ಪು ಸಾಕಷ್ಟು ಕೂಡಿದ ಮೇಲೆ ಥೋರಿಯಂಗೆ ಕೈ ಹಾಕುವುದು. ಕಲ್ಪಾಕ್ಕಂನ 500 ಮೆಗಾವಾಟ್ ಬ್ರೀಡರ್‌ನ ಕೆಲಸ ಶುರುವಾದದ್ದು 2004ರಲ್ಲಿ, ಅದರ ಒಡಲು ತುಂಬುವ ಕೆಲಸಕ್ಕೆ ಪ್ರಧಾನಿಯ ಎದುರು ಚಾಲನೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ. ಎರಡನೇ ಹಂತದ ಮೊದಲ ಮೆಟ್ಟಿಲಿಗೇ ಇಪ್ಪತ್ತು ವರ್ಷ. ಅದೇ ಊರಿನಲ್ಲಿ 1996ರಿಂದ ‘ಕಾಮಿನಿ’ ಎಂಬ ಪುಟ್ಟ ರಿಯಾಕ್ಟರ್ ಇದೆ. ಥೋರಿಯಂನಿಂದ ಮಾಡಿದ ಯುರೇನಿಯಂ-233 ಅದರ ಇಂಧನ, ಅದನ್ನು ನಾವೇ ಮಾಡಿದ್ದು ಎಂಬ ಹೆಮ್ಮೆ ನನಗೂ ಇದೆ. ಅದರ ಶಕ್ತಿ 30 ಕಿಲೋವಾಟ್. ಅಂದರೆ ಬಚ್ಚಲುಮನೆಯ ಹದಿನೈದು ಗೀಸರ್.

ಇಷ್ಟು ಪೀಠಿಕೆ. ಈಗ ನನ್ನ ತಲೆ ತಿನ್ನುವ ಆ ಮಾತಿಗೆ ಬರೋಣ: ‘ಥೋರಿಯಂ ರಿಯಾಕ್ಟರ್ ಕರಗುವುದಿಲ್ಲ.’

ನಮ್ಮ ಕಡೆ ಬಚ್ಚಲ ಒಲೆ ನೋಡಿದವರಿಗೆ ಇದು ಸುಲಭ. ರಾತ್ರಿ ಹಂಡೆ ಕಾದ ಮೇಲೆ ಕೊಳ್ಳಿಗಳನ್ನೆಲ್ಲ ಹೊರಗೆಳೆದು ನೀರು ಚಿಮುಕಿಸಿ ಮಲಗುತ್ತೇವೆ. ಬೆಳಿಗ್ಗೆ ಎದ್ದು ಕೈ ಅದ್ದಿದರೆ ನೀರು ಇನ್ನೂ ಬಿಸಿ. ಯಾಕೆ? ಒಲೆಯೊಳಗೆ ಕೆಂಡ ಇತ್ತು. ರಿಯಾಕ್ಟರ್‌ನಲ್ಲೂ ಅಷ್ಟೇ. ಪರಮಾಣು ಸೀಳಿದಾಗ ಎರಡು ಚೂರು ಉಳಿಯುತ್ತವೆ, ಸೀಸಿಯಂ, ಅಯೋಡಿನ್, ಸ್ಟ್ರಾನ್ಶಿಯಂ ಹೀಗೆ. ಈ ಚೂರುಗಳೇ ಕೆಂಡ. ನಿಯಂತ್ರಣ ಸರಳುಗಳನ್ನು ಇಳಿಸಿ ವಿದಳನ ನಿಲ್ಲಿಸಬಹುದು, ಚೂರುಗಳಿಗೆ ‘ನಿಲ್ಲಿ’ ಎನ್ನಲು ಬರುವುದಿಲ್ಲ.

ಕೈಗಾದ ಒಂದು ಘಟಕದ ಲೆಕ್ಕ ಹಾಕೋಣ. 220 ಮೆಗಾವಾಟ್ ವಿದ್ಯುತ್ತಿಗೆ ಒಳಗೆ ಸುಮಾರು 750 ಮೆಗಾವಾಟ್ ಶಾಖ ಬೇಕು. ಸ್ವಿಚ್ ಆರಿಸಿದ ಕ್ಷಣದಲ್ಲೂ ಅದರ ಶೇಕಡಾ ಆರೇಳು ಪಾಲು, ಅಂದರೆ 50 ಮೆಗಾವಾಟ್‌ನಷ್ಟು ಶಾಖ ಚೂರುಗಳಿಂದ ಬರುತ್ತಲೇ ಇರುತ್ತದೆ. ಮತ್ತೆ ನಮ್ಮ ಗೀಸರ್ ಲೆಕ್ಕಕ್ಕೆ ತಂದರೆ 25,000 ಗೀಸರ್. ಬೇಗ ಇಳಿಯುತ್ತದೆ ನಿಜ. ಆದರೆ ಒಂದು ದಿನ ಕಳೆದ ಮೇಲೂ ಒಂದೂವರೆ–ಎರಡು ಸಾವಿರ ಗೀಸರ್ ಉಳಿದಿರುತ್ತವೆ. ಇದನ್ನು ಸಾಗಹಾಕಲು ನೀರು ಹರಿಯುತ್ತಿರಬೇಕು. 2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಭೂಕಂಪ ಆದಾಗ ಓಡುತ್ತಿದ್ದ ಮೂರೂ ರಿಯಾಕ್ಟರ್‌ಗಳು ಶಿಸ್ತಾಗಿ ತಾವಾಗಿಯೇ ನಿಂತವು. ವಿದಳನ ನಿಂತಿತ್ತು. ಗಂಟೆಯೊಳಗೆ ಸುನಾಮಿ ಬಂದು ಡೀಸೆಲ್ ಜನರೇಟರ್‌ಗಳು ಮುಳುಗಿದವು, ಪಂಪು ಓಡಿಸಲು ಕರೆಂಟಿಲ್ಲ. ಮೂರನ್ನೂ ಕರಗಿಸಿದ್ದು ಈ ಕೆಂಡ.

ಈಗ ಹೇಳಿ, ಯುರೇನಿಯಂ-233 ಸೀಳಿದರೆ ಚೂರು ಬರುವುದಿಲ್ಲವೇ? ಬರುತ್ತವೆ. ಹೆಚ್ಚುಕಮ್ಮಿ ಅವೇ ಸೀಸಿಯಂ, ಅವೇ ಸ್ಟ್ರಾನ್ಶಿಯಂ. ಹಲಸಿನ ಸೌದೆಯಾದರೇನು, ಮತ್ತಿ ಸೌದೆಯಾದರೇನು, ಕೆಂಡ ಕೆಂಡವೇ. ಫುಕುಶಿಮಾದ ಆ ಮೂರು ಒಲೆಗಳಲ್ಲಿ ಥೋರಿಯಂ ಇಂಧನ ಇದ್ದಿದ್ದರೂ ಪಂಪು ನಿಂತ ಮೇಲೆ ಗತಿ ಅದೇ ಆಗುತ್ತಿತ್ತು.

ಒಂದು ವಿಷಯದಲ್ಲಂತೂ ಯುರೇನಿಯಂ-233 ಹೆಚ್ಚು ಸೂಕ್ಷ್ಮ. ವಿದಳನದಲ್ಲಿ ಹುಟ್ಟುವ ನ್ಯೂಟ್ರಾನ್‌ಗಳಲ್ಲಿ ಕೆಲವು ಸೆಕೆಂಡುಗಳಷ್ಟು ತಡವಾಗಿ ಬರುತ್ತವೆ. ಈ ಸೋಮಾರಿಗಳ ದೆಸೆಯಿಂದಲೇ ರಿಯಾಕ್ಟರನ್ನು ಹತೋಟಿಯಲ್ಲಿಡಲು ಸಮಯ ಸಿಗುವುದು. ಯುರೇನಿಯಂ-235ರಲ್ಲಿ ಇವು ಸಾವಿರಕ್ಕೆ ಆರೇಳು, ಯುರೇನಿಯಂ-233ರಲ್ಲಿ ಮೂರಕ್ಕಿಂತ ಕಡಿಮೆ. ವಿನ್ಯಾಸದಲ್ಲಿ ಇದನ್ನು ಸಂಭಾಳಿಸಬಹುದು, ಗಾಬರಿ ಬೇಡ. ‘ಹುಟ್ಟಾ ಸಾಧು’ ಎನ್ನುವವರಿಗಾಗಿ ಹೇಳಿದೆ ಅಷ್ಟೆ.

ಹಾಗಾದರೆ ‘ಕರಗುವುದಿಲ್ಲ’ ಎಂಬ ಮಾತು ಹುಟ್ಟಿದ್ದೆಲ್ಲಿ? ಅಮೆರಿಕದ ಟೆನ್ನೆಸ್ಸಿಯ ಓಕ್ ರಿಜ್‌ನಲ್ಲಿ. ಅಲ್ವಿನ್ ವೈನ್‌ಬರ್ಗ್ ಮುಂದಾಳ್ತನದಲ್ಲಿ ಅಲ್ಲಿ 1965ರಿಂದ 1969ರವರೆಗೆ ಒಂದು ಪ್ರಾಯೋಗಿಕ ರಿಯಾಕ್ಟರ್ ಓಡಿತು. ಇಂಧನ ಗಟ್ಟಿ ಗುಳಿಗೆಯಲ್ಲ, ಕರಗಿದ ಫ್ಲೋರೈಡ್ ಲವಣದಲ್ಲಿ ಬೆರೆತ ದ್ರವ. ಮೊದಲೇ ಕರಗಿರುವುದು ಮತ್ತೇನು ಕರಗೀತು! ಒತ್ತಡವೂ ಕಡಿಮೆ. ತಳದ ಕೊಳವೆಗೆ ಅದೇ ಲವಣವನ್ನು ಗಾಳಿ ಬೀಸಿ ಹೆಪ್ಪುಗಟ್ಟಿಸಿದ ಬಿರಡೆ. ಕರೆಂಟು ಹೋಯಿತೋ, ಗಾಳಿ ನಿಂತು ಬಿರಡೆ ಕರಗಿ ದ್ರವವೆಲ್ಲ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಯ ಶಾಖ ತನ್ನಷ್ಟಕ್ಕೆ ಹೊರಹೋಗುವ ವ್ಯವಸ್ಥೆ. ಸೊಗಸಾದ ಉಪಾಯ, ನಾನು ಅದರ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬಿಡಿಸಿದ್ದೇನೋ.

ಆದರೆ ಸ್ವಾಮಿ, ಆ ಲವಣದಲ್ಲಿ ಥೋರಿಯಂ ಇರಲಿಲ್ಲ. ಮೊದಲು ಯುರೇನಿಯಂ-235, 1968ರಿಂದ ಯುರೇನಿಯಂ-233, ಅದೂ ಬೇರೆ ರಿಯಾಕ್ಟರ್‌ಗಳಲ್ಲಿ ಥೋರಿಯಂನಿಂದ ಮಾಡಿ ತಂದದ್ದು. ನಿಮ್ಮ ವಿಡಿಯೊದಲ್ಲಿ ‘ಥೋರಿಯಂ ರಿಯಾಕ್ಟರ್’ ಎಂದು ತೋರಿಸುವುದು ಬಹುಮಟ್ಟಿಗೆ ಇದನ್ನೇ. ಒಲೆಯ ಗುಣವನ್ನು ಸೌದೆಗೆ ಅಂಟಿಸಿಬಿಟ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ಆ ಒಲೆಗೆ ಯುರೇನಿಯಂ ಹಾಕಿದರೂ ಅದೇ ಗುಣ, ಮಾಮೂಲಿ ಒಲೆಗೆ ಥೋರಿಯಂ ಹಾಕಿದರೆ ಮಾಮೂಲಿ ಗುಣ. ಆ ಒಲೆಗೂ ಅದರದೇ ತಾಪತ್ರಯ ಇತ್ತು. ನಿಲ್ಲಿಸಿ ತೊಟ್ಟಿಯಲ್ಲಿ ಗಟ್ಟಿಯಾಗಲು ಬಿಟ್ಟ ಲವಣದಿಂದ ವರ್ಷಗಟ್ಟಲೆ ಫ್ಲೋರಿನ್ ಹೊರಟು, ಯುರೇನಿಯಂ ಅನಿಲರೂಪದಲ್ಲಿ ಮೇಲೇರಿ ಇದ್ದಿಲಿನ ಶೋಧಕದಲ್ಲಿ ಕೂತಿತ್ತು. ಗೊತ್ತಾದದ್ದು 1994ರಲ್ಲಿ, ಕಾಲು ಶತಮಾನದ ನಂತರ.

ಚೀನಾದವರು ಗಾನ್ಸು ಪ್ರಾಂತ್ಯದ ವುವೈ ಬಳಿ ಇದೇ ಬಗೆಯ 2 ಮೆಗಾವಾಟ್ ಶಾಖದ ರಿಯಾಕ್ಟರನ್ನು 2023ರಲ್ಲಿ ಹೊತ್ತಿಸಿ, ಮರುವರ್ಷ ನಿಜವಾಗಿಯೂ ಥೋರಿಯಂ ಬೆರೆಸಿದ್ದಾರೆ. ಒಂದು ಸಾವಿರ ಗೀಸರ್. ಕಣ್ಣಿಡಬೇಕಾದ ಜಾಗ ಅದು.

‘ಬಾಂಬ್ ಮಾಡಲು ಬರುವುದಿಲ್ಲ ಅಂತಲೇ ಅಮೆರಿಕ ಥೋರಿಯಂ ಬಿಟ್ಟದ್ದು’ ಎಂಬುದು ಇದರ ತಮ್ಮ. ಅದನ್ನು ಒಂದೇ ದಿನಾಂಕದಲ್ಲಿ ಮುಗಿಸಬಹುದು: 1955ರ ಏಪ್ರಿಲ್ 15. ಅಂದು ನೆವಾಡಾದಲ್ಲಿ ಯುರೇನಿಯಂ-233 ಸೇರಿದ್ದ ಬಾಂಬು ಸಿಡಿಸಿದರು, 22 ಕಿಲೋಟನ್. ಯುರೇನಿಯಂ-233ರ ಜೊತೆ ಯುರೇನಿಯಂ-232 ಸ್ವಲ್ಪ ಹುಟ್ಟಿಕೊಳ್ಳುತ್ತದೆ, ಅದರ ಸಂತತಿ ತೀವ್ರ ಗಾಮಾ ಕಿರಣ ಸೂಸುತ್ತದೆ, ಹಾಗಾಗಿ ಕದ್ದೊಯ್ಯುವವನಿಗೆ ಕಷ್ಟ. ನಿಜ. ಇಂಧನ ಮಾಡುವ ನಮ್ಮವರಿಗೂ ಅಷ್ಟೇ ಕಷ್ಟ. ದಪ್ಪ ಗೋಡೆಯಾಚೆ ನಿಂತು ಯಂತ್ರದ ಕೈಗಳಿಂದಲೇ ಕೆಲಸ ಮಾಡಬೇಕು.

ಥೋರಿಯಂನ ಸ್ವಂತ ಗುಣ ಏನೂ ಇಲ್ಲವೇ? ಇದೆ. ಪ್ಲುಟೋನಿಯಂನಂಥ ದೀರ್ಘಾಯು ಕಸ ತೀರಾ ಕಡಿಮೆ. ಇನ್ನೊಂದು, ಥೋರಿಯಂ ಆಕ್ಸೈಡ್ ಕರಗಲು ಸುಮಾರು 3,300 ಡಿಗ್ರಿ ಬೇಕು, ಯುರೇನಿಯಂ ಆಕ್ಸೈಡಿಗಿಂತ ನಾನೂರು ಐನೂರು ಡಿಗ್ರಿ ಹೆಚ್ಚು. ಕರಗುವುದು ತಡವಾದೀತು, ತಪ್ಪುವುದಿಲ್ಲ.

ಈ 3,300 ಡಿಗ್ರಿಯ ವಸ್ತುವನ್ನು ನೀವು ನೋಡಿದ್ದೀರಿ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಬಯಲಾಟದ ರಂಗಸ್ಥಳಕ್ಕೆ ನಮ್ಮ ದೊಡ್ಡಪ್ಪನೇ ಗ್ಯಾಸ್‌ಲೈಟ್ ಹಚ್ಚುವವರು. ‘ಮ್ಯಾಂಟಲ್’ ಎಂಬ ಬಿಳಿ ದಾರದ ಪುಟ್ಟ ಚೀಲವನ್ನು ಬರ್ನರಿನ ಮೂತಿಗೆ ಕಟ್ಟಿ ಬೆಂಕಿ ತಾಗಿಸುವರು. ಬಟ್ಟೆಯೆಲ್ಲ ಸುಟ್ಟು, ಚೀಲದ ಆಕಾರ ಮಾತ್ರ ಬೂದಿಯಾಗಿ ನಿಲ್ಲುತ್ತಿತ್ತು. ‘ಉಸಿರು ಬಿಡ್ಬೇಡ, ಉದುರ್ತದೆ’ ಎನ್ನುವರು. ಪಂಪು ಹೊಡೆದರೆ ಅದೇ ಬೂದಿ ಭಗ್ಗನೆ ಬೆಳ್ಳಗೆ. ಆ ಬೂದಿ ಥೋರಿಯಂ ಆಕ್ಸೈಡ್, ಜೊತೆಗೆ ನೂರಕ್ಕೆ ಒಂದು ಪಾಲು ಸೀರಿಯಂ. ಕಾರ್ಲ್ ಆವರ್ ಎಂಬ ಆಸ್ಟ್ರಿಯಾದ ರಸಾಯನಜ್ಞ 1891ರ ಹೊತ್ತಿಗೆ ಕಂಡುಕೊಂಡ ಪಾಕ ಅದು. ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ಮೊನಜೈಟ್ ಪತ್ತೆಮಾಡಿದ್ದೂ, ಕೂಡಲೇ ಮರಳಿಗೆ ಬೆಲೆ ಬಂದದ್ದೂ ಈ ಮ್ಯಾಂಟಲ್‌ಗಳಿಗಾಗಿಯೇ. ನಮ್ಮ ಥೋರಿಯಂ ಮೊದಲು ಬೆಳಗಿದ್ದು ಯುರೋಪಿನ ಬೀದಿಗಳನ್ನು.

ಮ್ಯಾಂಟಲ್ ಹೊಳೆಯುತ್ತಿದ್ದದ್ದು ವಿಕಿರಣದಿಂದಲ್ಲ, ಬರೀ ಶಾಖದಿಂದ. ವಿಕಿರಣ ಇತ್ತು ಎನ್ನುವುದೂ ನಿಜ. ಕಾಲೇಜಿನ ಗೈಗರ್ ಕೌಂಟರನ್ನು ಹಳೆಯ ಪೊಟ್ಟಣದ ಹತ್ತಿರ ಹಿಡಿದರೆ ಟಿಕ್‌ಟಿಕ್ ಜೋರಾಗುತ್ತಿತ್ತು, ನಡುವೆ ಒಂದು ಹಾಳೆ ಹಿಡಿದರೆ ಇಳಿಯುತ್ತಿತ್ತು, ಆದರೆ ಪೂರ್ತಿ ನಿಲ್ಲುತ್ತಿರಲಿಲ್ಲ. ಹಾಳೆ ತಡೆದದ್ದು ಆಲ್ಫಾ ಕಣಗಳನ್ನು. ಅವು ಚರ್ಮವನ್ನೂ ದಾಟವು. ಒಳಗೆ ಹೋದರೆ ಮಾತ್ರ ಬೇರೆ ಮಾತು. ಈಗ ಬರುವ ಮ್ಯಾಂಟಲ್‌ಗಳಲ್ಲಿ ಬಹಳಷ್ಟಕ್ಕೆ ಥೋರಿಯಂ ಬದಲು ವಿಕಿರಣವಿಲ್ಲದ ಯಿಟ್ರಿಯಂ ಹಾಕುತ್ತಾರೆ. ಅಟ್ಟದಲ್ಲಿ ಹಳೆಯ ಪೊಟ್ಟಣ ಸಿಕ್ಕಿದರೆ ಓಡಿಹೋಗಬೇಕಿಲ್ಲ, ಮುಚ್ಚಿದ ಕೋಣೆಯಲ್ಲಿ ಹಚ್ಚಬೇಡಿ, ಬೂದಿಯನ್ನು ಊದಬೇಡಿ, ಮಕ್ಕಳ ಕೈಗೆ ಕೊಡಬೇಡಿ.