ಮೊದಲು ಆಟದ ಹೆಸರು ಹೇಳಿ, ಜಾಯ್‌ಸ್ಟಿಕ್ ಆಮೇಲೆ ನೋಡೋಣ

ಬೇಸಿಗೆ ರಜೆ ಶುರುವಾದ ವಾರ ನನ್ನ ಅಂಗಡಿಯಲ್ಲಿ ಒಂದೇ ಮಾತು. ‘ಸರ್, ಗೇಮ್ ಆಡೋ ರಿಮೋಟ್ ಇದೆಯಾ?’ ಅಪ್ಪ ಮುಂದೆ, ಮಗ ಹಿಂದೆ. ಯಾವ ಆಟ ಆಡ್ತೀಯಪ್ಪಾ ಅಂತ ಹುಡುಗನನ್ನು ಕೇಳುತ್ತೇನೆ. ‘ಏಜ್ ಆಫ್ ಎಂಪೈರ್ಸ್’ ಅನ್ನುತ್ತಾನೆ, ಊರು ಕಟ್ಟಿ ಸೈನ್ಯ ನಡೆಸುವ ಆಟ. ಅದಕ್ಕೆ ಜಾಯ್‌ಸ್ಟಿಕ್ ಬೇಡ, ಮನೆಯಲ್ಲಿರೋ ಮೌಸೇ ಸಾಕು ಅಂದರೆ ಅಪ್ಪನ ಮುಖ ಸಪ್ಪಗಾಗುತ್ತದೆ. ಮಗ ಪಾಸಾಗಿದ್ದಾನೆ, ಏನಾದರೂ ಕೊಡಿಸಬೇಕು ಅಂತ ಬಂದಿರುತ್ತಾರೆ. ಆ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಬೇಡ ಅಂತಲೇ ಹೇಳುತ್ತೇನೆ. ಎಷ್ಟೋ ಜನ ಪಕ್ಕದ ಅಂಗಡಿಗೆ ಹೋಗಿ ತಂದುಬಿಡುತ್ತಾರೆ. ಹದಿನೈದು ದಿನ ಕಳೆದ ಮೇಲೆ ಅದೇ ಪ್ಯಾಡ್ (ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಆಡಿಸುವ ಜಾಯ್‌ಸ್ಟಿಕ್) ತಂದು ‘ಇದು ಕೆಲಸ ಮಾಡ್ತಿಲ್ಲ, ನೋಡಿ’ ಅಂತ ನನ್ನ ಹತ್ತಿರವೇ ಬರುತ್ತಾರೆ.

ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿಗೆ ಕೂತು ಇಪ್ಪತ್ತು ವರ್ಷದ ಮೇಲಾಯಿತು. ಗೇಮ್ ಅಂದರೆ ಜಾಯ್‌ಸ್ಟಿಕ್ ಇರಲೇಬೇಕು ಅನ್ನೋ ನಂಬಿಕೆ ಮಾತ್ರ ಜನರಿಂದ ಹೋಗಿಲ್ಲ. ಅದಕ್ಕೇ ಇವತ್ತು ಈ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಾಯ್‌ಸ್ಟಿಕ್ ಜಾಗ ತೋರಿಸುವುದಿಲ್ಲ. ಅದು ಹೇಳುವುದು ದಿಕ್ಕು ಮತ್ತು ವೇಗ. ಕಡ್ಡಿಯನ್ನು ಬಲಕ್ಕೆ ಬಾಗಿಸಿ ಹಿಡಿದರೆ ಪರದೆಯ ಮೇಲಿನ ಬಾಣ ಬಲಕ್ಕೆ ಹೋಗುತ್ತಲೇ ಇರುತ್ತದೆ. ಜಾಸ್ತಿ ಬಾಗಿಸಿದರೆ ಜೋರಾಗಿ ಹೋಗುತ್ತದೆ. ಬೇಕಾದ ಕಡೆ ನಿಲ್ಲಬೇಕಾದರೆ ಸರಿಯಾದ ಕ್ಷಣಕ್ಕೆ ಕೈ ಬಿಡಬೇಕು. ನಲ್ಲಿ ಕೆಳಗೆ ಬಿಂದಿಗೆ ಇಟ್ಟಂತೆ ಅಂದುಕೊಳ್ಳಿ. ನೀವು ತಿರುಗಿಸೋದು ನಲ್ಲಿಯನ್ನು. ಕಂಠದವರೆಗೆ ನೀರು ಬಂತು ಅಂತ ನೋಡಿ ನಿಲ್ಲಿಸಬೇಕು. ಒಂದು ಕ್ಷಣ ತಡವಾದರೆ ಚೆಲ್ಲುತ್ತದೆ. ಚೆಲ್ಲಬಾರದು ಅಂತ ಸಣ್ಣಗೆ ಬಿಟ್ಟರೆ ಹೊತ್ತು ಹಿಡಿಯುತ್ತದೆ. ಮೌಸ್ ಹಾಗಲ್ಲ. ಲೋಟವನ್ನು ಮೇಜಿನ ಮೇಲೆ ಬೇಕಾದ ಕಡೆ ಇಟ್ಟಂತೆ. ಕೈ ಎಲ್ಲಿ ನಿಂತಿತೋ ಬಾಣವೂ ಅಲ್ಲೇ ನಿಲ್ಲುತ್ತದೆ.

ಇದು ನನ್ನೊಬ್ಬನ ಅನಿಸಿಕೆಯಲ್ಲ. 1978ರಲ್ಲಿ ಅಮೆರಿಕದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದ ಸ್ಟುವರ್ಟ್ ಕಾರ್ಡ್ ಮತ್ತು ಜೊತೆಗಾರರು ಇದನ್ನು ಅಳೆದು ನೋಡಿದರು. ಪರದೆಯ ಮೇಲಿನ ಪದ ಆರಿಸುವ ಕೆಲಸ. ಸಾಧನ ನಾಲ್ಕು: ಮೌಸ್, ಜಾಯ್‌ಸ್ಟಿಕ್, ಎರಡು ಬಗೆಯ ಕೀಗಳು. ಎಲ್ಲಕ್ಕಿಂತ ಬೇಗ ಮುಗಿದದ್ದು ಮೌಸ್‌ನಲ್ಲಿ. ತಪ್ಪೂ ಅದರಲ್ಲೇ ಕಡಿಮೆ. ಅವರು ನೋಡಿದ್ದು ಆಟವನ್ನಲ್ಲ, ನಿಜ. ಆದರೆ ಪರದೆಯ ಮೇಲೆ ಸಣ್ಣ ಗುರಿ ಹಿಡಿಯುವ ಕೆಲಸ ಎರಡು ಕಡೆಯೂ ಒಂದೇ ಅಲ್ವಾ?

ಈಗ ಆ ಹುಡುಗನ ಏಜ್ ಆಫ್ ಎಂಪೈರ್ಸ್ ನೋಡೋಣ. 1999ರ ಎರಡನೇ ಭಾಗವನ್ನೇ ತೆಗೆದುಕೊಳ್ಳಿ. ಒಬ್ಬೊಬ್ಬ ಆಟಗಾರ ಇನ್ನೂರು ಜನರವರೆಗೂ ನಡೆಸಬಹುದು. ಒಬ್ಬ ಮರ ಕಡಿಯುತ್ತಿರುತ್ತಾನೆ, ಇನ್ನೊಬ್ಬ ಹೊಲದಲ್ಲಿ. ಅಷ್ಟರಲ್ಲಿ ಊರ ಬಾಗಿಲಿಗೆ ಶತ್ರು ಬಂದ. ಮೌಸ್ ಎಳೆದು ಚೌಕ ಹಾಕಿದರೆ ಮೂವತ್ತು ಸೈನಿಕರು ಒಟ್ಟಿಗೆ ಕೈಗೆ ಬರುತ್ತಾರೆ. ಬಲಗಡೆ ಗುಂಡಿ ಒತ್ತಿದರೆ ಹೊರಟರು. ಮುಂದೆ ಟಿವಿಗೆ ಹಾಕಿ ಆಡುವ ಎಕ್ಸ್‌ಬಾಕ್ಸ್‌ಗೂ ಈ ಆಟ ಬಂತು, ಪ್ಯಾಡ್‌ನಲ್ಲೂ ಆಡಬಹುದು. ಆದರೆ ಮನೆಯಲ್ಲಿ ಮೌಸ್ ಇಟ್ಟುಕೊಂಡು ಇದಕ್ಕಾಗಿ ಪ್ಯಾಡ್ ಕೊಳ್ಳುವುದು ದುಡ್ಡು ದಂಡ. (2022ರಲ್ಲಿ ಬಂದ ಹೊಸ ಕಂತಿನಲ್ಲಿ ದ್ರಾವಿಡರೂ ಇದ್ದಾರೆ, ಉರುಮಿ ಬೀಸುವ ಯೋಧರ ಸಮೇತ. ಹುಡುಗರಿಗೆ ಅದನ್ನು ತೋರಿಸಿ, ಕಣ್ಣರಳಿಸುತ್ತಾರೆ.)

ವಿಲ್ ರೈಟ್ 1989ರಲ್ಲಿ ಮಾಡಿದ, ನಗರ ಕಟ್ಟುವ ಆಟ ಸಿಮ್ ಸಿಟಿಯೂ ಹೀಗೇ. ರಸ್ತೆ ಎಳೆಯೋದು, ಕರೆಂಟ್ ಲೈನ್ ಎಳೆಯೋದು, ಎಲ್ಲಾ ಮೌಸ್ ಕೆಲಸ. ಸಿಡ್ ಮೈಯರ್ ಹೆಸರಿನ ಸಿವಿಲೈಸೇಶನ್ ಬಂದದ್ದು 1991ರಲ್ಲಿ. ಅದರಲ್ಲಿ ಇನ್ನೂ ಒಂದು ಸುಖ ಇದೆ. ನಿಮ್ಮ ಸರದಿ ಮುಗಿಸುವವರೆಗೂ ಆಟ ಕಾಯುತ್ತದೆ. ನಮ್ಮ ಚನ್ನೆಮಣೆ ಹಾಗೆ. ಕಾಯಿ ಎಣಿಸಿಕೊಂಡು, ಎದುರಿನವರ ಗುಳಿ ನೋಡಿಕೊಂಡು ನಿಧಾನವಾಗಿ ನಡೆಸಬಹುದು. ಮಧ್ಯೆ ಎದ್ದು ಹಾಲು ಉಕ್ಕದಂತೆ ನೋಡಿ ಬರಬಹುದು. ಮನೆಯ ಹೆಂಗಸರು ನನ್ನನ್ನು ಆಟ ಕೇಳಿದರೆ ಇಂಥದ್ದನ್ನೇ ಹೇಳುತ್ತೇನೆ. ಚೆಸ್ ಬೇಕಾದವರಿಗೆ ಲೀಚೆಸ್ ಅನ್ನೋ ವೆಬ್‌ಸೈಟ್ ಇದೆ. ದುಡ್ಡಿಲ್ಲ, ಜಾಹೀರಾತಿಲ್ಲ, ಹಳೇ ಕಂಪ್ಯೂಟರ್‌ನ ಬ್ರೌಸರ್‌ನಲ್ಲೂ ನಡೆಯುತ್ತದೆ.

ಹಾಗಾದರೆ ಓಡೋ ಆಟ, ಹಾರೋ ಆಟ? ಅದಕ್ಕೆ ಕೀಬೋರ್ಡ್ ಇದೆ. ನಾವು ಕಾಲೇಜು ಲ್ಯಾಬ್‌ನಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಆಡಿದ್ದು ಬಾಣದ ಕೀ ಮತ್ತು ಶಿಫ್ಟ್‌ನಲ್ಲೇ. ಶಿಫ್ಟ್ ಒತ್ತಿ ಹಿಡಿದರೆ ರಾಜಕುಮಾರ ಅಂಚು ಹಿಡಿದು ನೇತಾಡುತ್ತಿದ್ದ. ಬೆರಳು ಬಿಟ್ಟರೆ ಅವನೂ ಬಿಟ್ಟ. ಅರವತ್ತು ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು, ಅಷ್ಟರಲ್ಲಿ ಲ್ಯಾಬ್ ಸರ್ ಬರುತ್ತಿದ್ದರು. ನಮಗ್ಯಾರಿಗೂ ಜಾಯ್‌ಸ್ಟಿಕ್ ನೆನಪೇ ಆಗಲಿಲ್ಲ. ಟೆಟ್ರಿಸ್ ಕೂಡ ಹಾಗೇ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೊವ್ ಅದನ್ನು ಬರೆದ ಕಂಪ್ಯೂಟರ್‌ನಲ್ಲಿ ಚಿತ್ರ ತೋರಿಸುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿ ಇಟ್ಟಿಗೆ ಮಾಡಿದ್ದರು.

ಕೀಬೋರ್ಡ್ ಬಗ್ಗೆ ಒಂದು ಎಚ್ಚರಿಕೆ. ಕಡಿಮೆ ಬೆಲೆಯ ಕೆಲವು ಕೀಬೋರ್ಡ್‌ಗಳಲ್ಲಿ ಮೂರು ಕೀ ಒಟ್ಟಿಗೆ ಒತ್ತಿದರೆ ಮೂರನೆಯದು ಲೆಕ್ಕಕ್ಕೇ ಬರುವುದಿಲ್ಲ. ಕೀಗಳು ಒಳಗಿನ ತಂತಿಗಳನ್ನು ಅಡ್ಡ ಉದ್ದ ಸಾಲಿನಲ್ಲಿ ಹಂಚಿಕೊಂಡಿರುತ್ತವೆ, ಅದಕ್ಕೆ. ಓಡುತ್ತಾ ಹಾರುವಾಗ ಆಳು ಸುಮ್ನೆ ನಿಂತುಬಿಡುತ್ತಾನೆ. ಹುಡುಗರು ಅದಕ್ಕೂ ‘ಜಾಯ್‌ಸ್ಟಿಕ್ ಇಲ್ಲ, ಅದಕ್ಕೇ ಹೀಗೆ’ ಅನ್ನುತ್ತಾರೆ. ನೀವೇ ಪರೀಕ್ಷೆ ಮಾಡಿ. ಎರಡೂ ಶಿಫ್ಟ್ ಒತ್ತಿ ಹಿಡಿದು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಟೈಪ್ ಮಾಡಿ. ಕೆಲವು ಅಕ್ಷರ ಬೀಳದಿದ್ದರೆ ನಿಮ್ಮ ಕೀಬೋರ್ಡ್ ಆ ಜಾತಿಯದು. ಲ್ಯಾಪ್‌ಟಾಪ್‌ನವರಿಗೂ ಒಂದು ಮಾತು: ಟಚ್‌ಪ್ಯಾಡ್‌ನಲ್ಲಿ ಆಡಿ ಬೆರಳು ನೋಯಿಸಿಕೊಳ್ಳಬೇಡಿ. ಸಾಧಾರಣ ವೈರ್ ಮೌಸ್ ಒಂದು ತಂದರೆ ಆಟವೇ ಬೇರೆ ಆಗುತ್ತದೆ.

ಜಾಯ್‌ಸ್ಟಿಕ್ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ವಿಮಾನ ಹಾರಿಸುವ ಆಟಕ್ಕೆ ಅದು ನಿಜಕ್ಕೂ ಚೆನ್ನ. ಅಲ್ಲಿ ಬೇಕಾದ್ದೇ ದಿಕ್ಕು ಮತ್ತು ವೇಗ. ಕಾರು ರೇಸ್‌ಗೂ, ಫುಟ್‌ಬಾಲ್‌ಗೂ ಪ್ಯಾಡ್ ಹಿತ. ಕೈ ಬೆರಳು ಸರಿಯಾಗಿ ಮಡಚಲಾಗದವರಿಗೆ, ಮಣಿಕಟ್ಟು ನೋವಿನವರಿಗೆ ಮೌಸೇ ಕಷ್ಟ ಆಗಬಹುದು. ಅಂಥವರು ಎರಡನ್ನೂ ಹಿಡಿದು ನೋಡಿ, ಡಾಕ್ಟರನ್ನೂ ಕೇಳಿ ತೀರ್ಮಾನಿಸಬೇಕು. ಅಂಗಡಿಯವನ ಮಾತು ಅಲ್ಲಿ ಸಾಲದು.

ಕೊಳ್ಳುವುದೇ ಆದರೆ ಡಬ್ಬದ ಮೇಲೆ ‘ಎಕ್ಸ್‌ಇನ್‌ಪುಟ್’ ಅಂತ ಇದೆಯಾ ನೋಡಿ. ಪ್ಯಾಡ್‌ನಲ್ಲಿ ಒತ್ತಿದ್ದನ್ನು ಆಟಕ್ಕೆ ಮುಟ್ಟಿಸುವ ಪದ್ಧತಿಯ ಹೆಸರು ಅದು. ಅಗ್ಗದ ಎಷ್ಟೋ ಪ್ಯಾಡ್‌ಗಳು ಹಳೆಯ ‘ಡೈರೆಕ್ಟ್‌ಇನ್‌ಪುಟ್’ ಪದ್ಧತಿಯವು. ಎಕ್ಸ್‌ಬಾಕ್ಸ್ 360 ಬಂದಮೇಲಿನ ಬಹಳಷ್ಟು ಆಟಗಳು ಅವನ್ನು ಗುರುತಿಸುವುದೇ ಇಲ್ಲ. ನನ್ನ ಹತ್ತಿರ ವಾಪಸ್ ಬರುವ ಪ್ಯಾಡ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ, ಈ ಪದ್ಧತಿ ಹೊಂದುವುದಿಲ್ಲ ಅಷ್ಟೇ.

ಇಷ್ಟು ಹೇಳುವಾಗ ನಮ್ಮ ಮೇಷ್ಟ್ರು ನೆನಪಾಗುತ್ತಾರೆ. ಲೆಕ್ಕದ ಮೇಷ್ಟ್ರು, ರಿಟೈರ್ ಆದವರು. ‘ಅಪ್ಪನಿಗೆ ಹೊತ್ತು ಹೋಗಲಿ’ ಅಂತ ಮಗ ಬೆಂಗಳೂರಿಂದ ದುಬಾರಿ ಪ್ಯಾಡ್ ಕಳಿಸಿದ್ದರು. ‘ಎರಡು ಹೆಬ್ಬೆರಳಲ್ಲಿ ನನ್ನಿಂದಾಗಲ್ಲಪ್ಪ’ ಅಂತ ಅದನ್ನು ನನ್ನ ಮೇಜಿನ ಮೇಲಿಟ್ಟರು. ಕಣ್ಣಲ್ಲಿ ಸೋತ ಭಾವ ಇತ್ತು. ಅವರ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್‌ನಲ್ಲೇ ಇದ್ದ ಫ್ರೀಸೆಲ್ ತೆಗೆದು ತೋರಿಸಿದೆ. ಇಸ್ಪೀಟ್ ಎಲೆ, ಒಂದು ಮೌಸ್, ಅಷ್ಟೇ. ಅದರಲ್ಲಿ ಪ್ರತಿ ಆಟಕ್ಕೂ ಒಂದು ನಂಬರ್ ಇರುತ್ತದೆ, ಆ ನಂಬರ್ ಕೊಟ್ಟರೆ ಎಲೆಗಳು ಯಾವಾಗಲೂ ಅದೇ ಕ್ರಮದಲ್ಲಿ ಬರುತ್ತವೆ. ಮೇಷ್ಟ್ರು ತಾರೀಕುಗಳನ್ನೇ ನಂಬರ್ ಮಾಡಿ ಆಡತೊಡಗಿದರು. 15847 ಸ್ವಾತಂತ್ರ್ಯ ದಿನ. 26150 ಗಣರಾಜ್ಯ ದಿನ. ಹಾಗೇ ಮನೆಯವರ ಹುಟ್ಟಿದ ದಿನಗಳು.

ಒಂದು ದಿನ ಬಂದು, ‘ಮಗಳ ನಂಬರ್ ಮೂರು ವಾರದಿಂದ ಬಿಡಿಸೋಕೆ ಆಗ್ತಿಲ್ಲ. ಮೌಸ್ ಕೆಟ್ಟಿದೆಯೇನೋ ನೋಡು’ ಅಂದರು. ಯಾವ ನಂಬರ್ ಮೇಷ್ಟ್ರೇ ಅಂತ ಕೇಳಿದೆ. 11982. ಹನ್ನೊಂದು, ಒಂಬತ್ತು, ಎಂಬತ್ತೆರಡು. ನಾನು ಒಂದು ಕ್ಷಣ ಸುಮ್ಮನಾದೆ. ಫ್ರೀಸೆಲ್‌ನ ಮೊದಲ 32,000 ಆಟಗಳಲ್ಲಿ ಬಿಡಿಸಲು ಬಾರದ್ದು ಒಂದೇ ಒಂದು. ಅದು ಇದೇ. ಹಾಗಂತ ಹೇಳಿದೆ. ಮೇಷ್ಟ್ರು ಜೋರಾಗಿ ನಕ್ಕರು. ಅಲ್ಲೇ ನಿಂತು ಮಗಳಿಗೆ ಫೋನ್ ಮಾಡಿ ಸುದ್ದಿ ಹೇಳಿದರು. ಮೌಸ್ ನೋಡಿದೆ. ಎಡಗಡೆ ಗುಂಡಿ ನಿಜವಾಗಿಯೂ ಸವೆದುಹೋಗಿತ್ತು, ಬದಲಾಯಿಸಿ ಕೊಟ್ಟೆ.