ವೈಡ್‌ಬ್ಯಾಂಡ್ ಗೇಜ್‌ಗೆ ಅರ್ತ್ ಎಲ್ಲಿ ಕೊಡಬೇಕು?

ಭೋಸರಿಯ ನಮ್ಮ ವರ್ಕ್‌ಶಾಪಿಗೆ ವೈಡ್‌ಬ್ಯಾಂಡ್ ಗೇಜ್ (ಎಕ್ಸಾಸ್ಟಿನಲ್ಲಿ ಕೂತ ಆಕ್ಸಿಜನ್ ಸೆನ್ಸರಿನಿಂದ ಎಂಜಿನ್ನಿನ ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ಮೀಟರ್) ಹಾಕಿಸಿದ ಕಾರು ಬಂತೆಂದರೆ ದೂರು ಬಹುಪಾಲು ಒಂದೇ. “ಅಣ್ಣಾರ, ಗೇಜ್‌ನ್ಯಾಗ ಒಂದ್ ನಂಬರ್, ಲ್ಯಾಪ್‌ಟಾಪ್‌ನ್ಯಾಗ ಇನ್ನೊಂದ್. ಸೆನ್ಸರ್ ಹೋಗೇತಿ, ಬದಲಿ ಮಾಡ್ರಿ.” ಪುಣೆಯಲ್ಲಿ ನೆಲೆಸಿದ ಬೆಳಗಾವಿ, ವಿಜಯಪುರ ಕಡೆಯ ಹುಡುಗರು ನನ್ನ ಹತ್ತಿರ ಹೆಚ್ಚು ಬರುತ್ತಾರೆ. ಸಂಬಳ ಉಳಿಸಿ ಕಾರಿಗೆ ಸುರಿಯುವ ಅವರ ಹುಚ್ಚು ನನಗೆ ಇಷ್ಟ. ಅದಕ್ಕೇ ಅವರು ಬೇಡದ ಸೆನ್ಸರಿಗೆ ದುಡ್ಡು ಸುರಿಯುವುದನ್ನು ನೋಡಲಾಗುವುದಿಲ್ಲ.

ಆ ಎರಡೂ ನಂಬರ್ ಬರುವುದು ಒಂದೇ ಸೆನ್ಸರಿನಿಂದ. ಸೆನ್ಸರ್ ಕೆಟ್ಟಿದ್ದರೆ ಎರಡೂ ಒಟ್ಟಿಗೇ ತಪ್ಪಬೇಕಿತ್ತು. ಗೇಜ್‌ನ ಮುಖದ ಮೇಲಿನ ಅಂಕಿ ಒಳಗೇ ಲೆಕ್ಕವಾಗುತ್ತದೆ. ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ಹೋಗುವುದು ಮಾತ್ರ 0ರಿಂದ 5 ವೋಲ್ಟಿನ ಸಿಗ್ನಲ್, ಲ್ಯಾಪ್‌ಟಾಪ್ ತೋರಿಸುವುದು ಇಸಿಯು ಓದಿದ್ದನ್ನು. ಆ ವೋಲ್ಟನ್ನು ಗೇಜ್ ಕೊಡುವುದು ತನ್ನ ಅರ್ತ್‌ನಿಂದ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ಜೋಡಣೆ) ಅಳೆದು, ಇಸಿಯು ಓದುವುದು ತನ್ನ ಅರ್ತ್‌ನಿಂದ ಅಳೆದು. ಎರಡು ಅರ್ತ್‌ಗಳ ನಡುವೆ ವೋಲ್ಟೇಜ್ ಇದ್ದರೆ ಅಷ್ಟೂ ಲ್ಯಾಪ್‌ಟಾಪಿನ ದಾಖಲೆಯಾದ ಲಾಗ್‌ನಲ್ಲಿ ತಪ್ಪಾಗಿ ಕೂರುತ್ತದೆ. ಓರೆ ಕಟ್ಟೆಯ ಮೇಲೆ ತಕ್ಕಡಿ ಇಟ್ಟು ತೂಕದ ಬಟ್ಟು ಬದಲಾಯಿಸಿದರೆ ಏನು ಬಂತು?

ವೋಲ್ಟೇಜ್ ಎಲ್ಲಿಂದ ಬರುತ್ತದೆ ಎಂದರೆ, ಸೆನ್ಸರಿನೊಳಗಿನ ಹೀಟರಿನಿಂದ. ಬಾಷ್ ಎಲ್‌ಎಸ್‌ಯು 4.9 ಸೆನ್ಸರಿನ ಒಳಭಾಗ ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಅದಕ್ಕೆ ಆಂಪಿಯರ್ ಲೆಕ್ಕದಲ್ಲಿ ಕರೆಂಟ್ ಬೇಕು. ಆ ಕರೆಂಟ್ ವಾಪಸ್ ಹೋಗುವುದು ಸ್ಟೀರಿಯೊ ಹಿಂದಿನ ಯಾವುದೋ ಸ್ಕ್ರೂ ಮೂಲಕ. ಪೇಂಟ್ ಕೆರೆದಿಲ್ಲ, ಮೇಲೆ ಪುಣೆಯ ಮಳೆಗಾಲದ ತುಕ್ಕು. ಅಲ್ಲಿ ಹತ್ತನೇ ಒಂದು ಓಮ್ ಅಡ್ಡಿಯಿದ್ದು ಒಂದೂವರೆ ಆಂಪಿಯರ್ ಹರಿದರೆ 0.15 ವೋಲ್ಟ್ ಆಯಿತು. 0 ವೋಲ್ಟಿಗೆ ಅನುಪಾತ 10, 5 ವೋಲ್ಟಿಗೆ 20 ಎನ್ನುವ ಗೇಜ್‌ನಲ್ಲಿ ಇದು 0.3 ಪಾಯಿಂಟ್. ಗೇಜ್ 12.2 ತೋರಿಸುವಾಗ ಲಾಗ್ 12.5 ಅನ್ನುತ್ತದೆ. ಇಸಿಯು ಸೆಟ್ ಮಾಡುವ ಟ್ಯೂನರ್ ಲೀನ್ (ಪೆಟ್ರೋಲ್ ಕಡಿಮೆ) ಅಂದುಕೊಂಡು ಪೆಟ್ರೋಲ್ ಹೆಚ್ಚಿಸುತ್ತಾನೆ, ಪ್ಲಗ್ ಕಪ್ಪಾಗುತ್ತವೆ. ಇಸಿಯುನ ಅರ್ತ್‌ನ ವೋಲ್ಟೇಜ್ ಮೇಲೆದ್ದಿದ್ದರೆ ತಿರುವುಮುರುವು: ಲಾಗ್ ರಿಚ್ (ಪೆಟ್ರೋಲ್ ಜಾಸ್ತಿ) ಅನ್ನುತ್ತದೆ, ಟ್ಯೂನರ್ ಪೆಟ್ರೋಲ್ ಇಳಿಸುತ್ತಾನೆ, ಎಂಜಿನ್ ಲೀನ್ ಓಡುತ್ತದೆ. ಟರ್ಬೊ ಕಾರಿನಲ್ಲಿ ಸತಾರಾ ದಾರಿಯ ಖಂಬಾಟ್ಕಿ ಘಾಟ್ ಏರುವಾಗ ಹಾಗಾದರೆ ಪಿಸ್ಟನ್ನಿಗೇ ಅಪಾಯ.

ನಿಪ್ಪಾಣಿ ಕಡೆಯ ಹುಡುಗನೊಬ್ಬ ಬೇರೆಡೆ ಸೆನ್ಸರ್ ಬದಲಿಸಿಕೊಂಡು ಬಂದಿದ್ದ. ಮಲ್ಟಿಮೀಟರಿನ ಒಂದು ಕಡ್ಡಿ ಗೇಜ್‌ನ ಅರ್ತ್‌ಗೆ, ಇನ್ನೊಂದು ಇಸಿಯುನ ಅರ್ತ್‌ಗೆ ಹಿಡಿಯಲು ಅವನಿಗೇ ಹೇಳಿದೆ. ಎಂಜಿನ್ ಚಾಲೂ, ಏಸಿ ಆನ್, ಹೆಡ್‌ಲೈಟ್ ಆನ್. ಬ್ಲೋವರ್ ಜೋರು ಮಾಡಿದಂತೆ ಮಿಲಿವೋಲ್ಟ್ ಏರಿತು. “ಹಂಗಾರ ಹೊಸಾ ಸೆನ್ಸರ್ ಸುಮ್ನ ಹಾಕ್ಸಿದ್ನೇನ್ರಿ?” ಎಂದು ಮುಖ ಚಿಕ್ಕದು ಮಾಡಿಕೊಂಡ. ಅರ್ಧ ದಿನದ ಕೆಲಸ, ಒಂದು ತುಂಡು ವೈರ್, ವೈರಿನ ತುದಿಗೆ ಹಾಕುವ ಒಂದು ಲಗ್ಗು. ಅಷ್ಟರಲ್ಲಿ ಎರಡು ನಂಬರೂ ಒಂದೇ ಆದವು.

ಹಾಗಾಗಿ ಗೇಜ್‌ನ ಪವರ್ ಅರ್ತ್ ಇಸಿಯುನ ಪವರ್ ಅರ್ತ್ ಇರುವ ಜಾಗಕ್ಕೇ ಹೋಗಲಿ. ಸಿಗ್ನಲ್‌ಗೆ ಬೇರೆ ಅರ್ತ್ ವೈರ್ ಕೊಟ್ಟಿದ್ದರೆ ಅದನ್ನು ಮಾತ್ರ ಇಸಿಯುನ ಸೆನ್ಸರ್ ಅರ್ತ್‌ಗೆ ಸೇರಿಸಿ. ಹೀಟರಿನ ಕರೆಂಟ್ ಹರಿಯುವ ವೈರನ್ನು ಅಲ್ಲಿಗೆ ತರಲೇಬೇಡಿ, ಉಳಿದ ಸೆನ್ಸರುಗಳ ರೀಡಿಂಗೂ ಕೆಡುತ್ತದೆ. ವೈರಿನ ಬಣ್ಣ ಕಂಪನಿಗೊಂದು ಥರ ಇರುತ್ತದೆ, ಡಬ್ಬಿಯಲ್ಲಿ ಬಂದ ಕಾಗದವೇ ಪ್ರಮಾಣ.

ವೈರ್ ಉದ್ದ ಸಾಲದೆಂದು ಸೆನ್ಸರಿನ ಕನೆಕ್ಟರ್ ಕತ್ತರಿಸುವವರೂ ಇದ್ದಾರೆ. ಹಾಗೆ ಮಾಡಬೇಡಿ, ಆ ಸೆನ್ಸರಿಗೆಂದೇ ಅಳೆದು ಕೂರಿಸಿದ ರೆಸಿಸ್ಟರ್ ಆ ಕನೆಕ್ಟರಿನೊಳಗಿದೆ. ಗೇಜ್‌ಗೆ ಕರೆಂಟ್ ಇಲ್ಲದೆ ಸೆನ್ಸರನ್ನು ಎಕ್ಸಾಸ್ಟಿನಲ್ಲಿ ಬಿಟ್ಟು ಕಾರು ಓಡಿಸಿದರೆ ಅದು ಮಸಿ ಹಿಡಿದು ನಿಜಕ್ಕೂ ಸಾಯುತ್ತದೆ. ಆಗ ಹೊಸದು ತರಿಸಿ, ನಾನೇ ಹಾಕಿಕೊಡುತ್ತೇನೆ.