ಪ್ರೆಶರ್ 16, ಆದರೂ ಗ್ಲಾಕೋಮಾ: 21ರ ಗೆರೆ ಬಂದದ್ದೆಲ್ಲಿಂದ?

ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ನಮ್ಮ ಹಿರಿಯರು ಮಂಗಳೂರಿಗೆ ಹೋಗಿ ಕಣ್ಣು ತೋರಿಸಿ ಬಂದರೆ ಮನೆಯವರು ಕೇಳುವುದು ಎರಡೇ. ಪೊರೆ ಬಂದಿದೆಯಾ? ಕಣ್ಣಿನ ಪ್ರೆಶರ್ ಎಷ್ಟು? 21ರೊಳಗಿದ್ದರೆ ನಾರ್ಮಲ್ ಎಂಬ ಮಾತಿದೆಯಲ್ಲ, ಹಾಗಾಗಿ 16 ಅಂದರೆ ಎಲ್ಲರಿಗೂ ಸಮಾಧಾನ. ಆದರೆ 16 ಇದ್ದವರ ಕಣ್ಣಿನ ನರವೂ ಗ್ಲಾಕೋಮಾ ಎಂಬ ಕಾಯಿಲೆಯಿಂದ ಸವೆಯಬಹುದು. ನೋವಿಲ್ಲ, ಕೆಂಪಾಗುವುದಿಲ್ಲ. ಬದಿಯ ನೋಟ ಸ್ವಲ್ಪಸ್ವಲ್ಪವೇ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ಇದು ಹೊಸ ಸಂಗತಿ ಅಲ್ಲ. ಬರ್ಲಿನ್‌ನ ಡಾಕ್ಟರ್ ಆಲ್ಬ್ರೆಕ್ಟ್ ಫಾನ್ ಗ್ರೇಫೆ 1857ರಲ್ಲೇ ಇಂಥ ಕಣ್ಣುಗಳ ಬಗ್ಗೆ ಬರೆದಿದ್ದರು: ನರ ಗುಳಿಬಿದ್ದಿದೆ, ಒತ್ತಡ ಮಾತ್ರ ಜಾಸ್ತಿ ಇಲ್ಲ. ಆಗ ಒತ್ತಡ ನೋಡುತ್ತಿದ್ದದ್ದು ರೆಪ್ಪೆಯ ಮೇಲೆ ಬೆರಳಿಟ್ಟು. ಹಾಗಾಗಿ ಅವರ ಮಾತನ್ನು ಹೆಚ್ಚಿನವರು ಒಪ್ಪಲಿಲ್ಲ. 1905ರಲ್ಲಿ ನಾರ್ವೆಯ ಶಿಯೋಟ್ಸ್ ಒತ್ತಡ ಅಳೆಯುವ ಉಪಕರಣ ತಂದರು. ಕೈಗೊಂದು ಅಂಕಿ ಸಿಕ್ಕಿತು, ಕಾಯಿಲೆಯ ಗುರುತೇ ಆ ಅಂಕಿ ಎಂಬಂತಾಯಿತು.

1958ರಲ್ಲಿ ಜರ್ಮನಿಯ ಲೈಡ್‌ಹೆಕರ್ ಮತ್ತು ಜೊತೆಗಾರರು ಸುಮಾರು 10,000 ಜನರ ಕಣ್ಣಿನ ಒತ್ತಡ ಅಳೆದರು. ಸರಾಸರಿ 15.5 ಮಿ.ಮೀ. ಪಾದರಸದಷ್ಟು ಬಂತು. ಆರೋಗ್ಯವಂತರಲ್ಲಿ ನೂರಕ್ಕೆ ಎರಡು-ಮೂರು ಜನ ಬಿಟ್ಟರೆ ಉಳಿದವರೆಲ್ಲ 21ರೊಳಗೆ ಎಂಬ ಲೆಕ್ಕ ಹುಟ್ಟಿದ್ದು ಅಲ್ಲಿಂದ. ಅದು ಬರೀ ಸರಾಸರಿಯ ಲೆಕ್ಕ, 21ರೊಳಗಿದ್ದರೆ ನರಕ್ಕೆ ಅಪಾಯವಿಲ್ಲ ಎಂದು ಯಾರೂ ತೋರಿಸಿಕೊಟ್ಟಿರಲಿಲ್ಲ. 2004ರಲ್ಲಿ ಪ್ರಕಟವಾದ ಜಪಾನಿನ ತಾಜಿಮಿ ಊರಿನ ಸಮೀಕ್ಷೆಯಲ್ಲಂತೂ, ತೆರೆದ ಕೋನದ ಗ್ಲಾಕೋಮಾ (ಕಣ್ಣೊಳಗಿನ ದ್ರವ ಹೊರಹೋಗುವ ದಾರಿ ತೆರೆದೇ ಇರುವ ಬಗೆ) ಇದ್ದವರಲ್ಲಿ ಶೇ. 92 ಜನರ ಒತ್ತಡ 21 ಅಥವಾ ಅದಕ್ಕಿಂತ ಕಡಿಮೆ ಇತ್ತು!

ಹಾಗಾದರೆ ಯಾರಿಗೆ ಅಪಾಯ ಜಾಸ್ತಿ? ವಯಸ್ಸಾದವರಿಗೆ, ಅಪ್ಪ-ಅಮ್ಮ ಅಥವಾ ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದವರಿಗೆ, ದೂರದ್ದು ಕಾಣದೆ ದಪ್ಪ ಕನ್ನಡಕ ಹಾಕುವವರಿಗೆ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತೆಳುವಾಗಿದ್ದರೆ ಯಂತ್ರ ಒತ್ತಡವನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ, ಅದು ಬೇರೆ. ಇನ್ನು ರಕ್ತದ ಹರಿವು. ಮೈಗ್ರೇನ್, ಚಳಿಗೆ ಬೆರಳು ಬೆಳ್ಳಗಾಗುವುದು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವೆಲ್ಲ ಈ ಕಾಯಿಲೆಯ ಜೊತೆ ಕಾಣಿಸಿಕೊಂಡಿವೆ. ರಾತ್ರಿ ಬಿಪಿ ತೀರಾ ಇಳಿದರೆ ನರಕ್ಕೆ ರಕ್ತ ಸಾಲದೆ ಹೋಗಬಹುದು ಎಂದು ಅಮೆರಿಕದಲ್ಲಿದ್ದ ಕಣ್ಣಿನ ಡಾಕ್ಟರ್ ಸೋಹನ್ ಸಿಂಗ್ ಹೈರೇ 1994ರಲ್ಲಿ ಎಚ್ಚರಿಸಿದ್ದರು. ನಮ್ಮಲ್ಲಿ ಬಿಪಿ ಮಾತ್ರೆ ಇಲ್ಲದ ಮನೆ ಕಡಿಮೆ, ಅಲ್ವಾ? ಮಲಗುವ ಮುಂಚೆ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ದಯವಿಟ್ಟು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಒತ್ತಡ ನಾರ್ಮಲ್ ಇದ್ದರೂ ಚಿಕಿತ್ಸೆ ಎಂದರೆ ಅದನ್ನು ಇನ್ನೂ ಇಳಿಸುವುದೇ. 1998ರ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಒತ್ತಡವನ್ನು ಶೇ. 30ರಷ್ಟು ಇಳಿಸಿದ ಕಣ್ಣುಗಳಲ್ಲಿ ಶೇ. 12 ಹದಗೆಟ್ಟವು, ಹಾಗೇ ಬಿಟ್ಟವುಗಳಲ್ಲಿ ಶೇ. 35.

ಆದ್ದರಿಂದ 40 ದಾಟಿದವರು ಪ್ರೆಶರ್ ಎಷ್ಟೆಂದು ಕೇಳಿ ಸುಮ್ನೆ ಎದ್ದು ಬರಬೇಡಿ, ನರ ಹೇಗಿದೆ ಅಂತಲೂ ಕೇಳಿ. ಅನುಮಾನ ಬಂದರೆ ಫೀಲ್ಡ್ ಟೆಸ್ಟ್ (ಬದಿಯ ನೋಟ ಎಷ್ಟಿದೆ ಎಂದು ನೋಡುವ ಪರೀಕ್ಷೆ) ಮತ್ತು ನರದ ಸ್ಕ್ಯಾನ್ ಮಾಡಿಸುತ್ತಾರೆ. ಆ ರಿಪೋರ್ಟ್‌ಗಳನ್ನು ಎಸೆಯದೆ ಮುಂದಿನ ಸಲ ಜೊತೆಗೆ ಒಯ್ಯಿರಿ, ನರ ಸವೆದಿದೆಯೋ ಇಲ್ಲವೋ ಎಂಬುದು ಹಳೆಯದರ ಜೊತೆ ಹೋಲಿಸಿದಾಗಲೇ ಸರಿಯಾಗಿ ತಿಳಿಯುವುದು.